ಕುದಿಸಿದ ಕಲ್ಲು

ಹಲ್ಲಿನ ಕ್ಲಿನಿಕ್ಕಿನ ಅಕ್ಕನ ಲೆಕ್ಕದಲ್ಲಿ ಲೋಕದ ವಸ್ತುಗಳೆಲ್ಲ ಎರಡೇ ಬಗೆ: ಕುದಿಸಿದವು, ಕುದಿಸಬೇಕಾದವು. ಇಕ್ಕಳ, ಚಿಮಟ, ಹಲ್ಲಿನ ಸಂದಿ ಕೆರೆಯುವ ಕೊಕ್ಕೆ, ಬಾಯೊಳಗೆ ಹಿಡಿಯುವ ಪುಟ್ಟ ಕನ್ನಡಿ, ಇವೆಲ್ಲ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವ ನಡುವೆ ಅವಳ ಕೈ ದಾಟಿ ಹೋಗಲೇಬೇಕು. ಮೊದಲು ಬ್ರಷ್ಷು, ಆಮೇಲೆ ಸೋಪಿನ ನೀರು, ಕೊನೆಗೆ ಸ್ಟೆರಿಲೈಜರಿನ ಹೊಟ್ಟೆ. ಆ ಯಂತ್ರ ಬುಸುಗುಟ್ಟಿ ತಣ್ಣಗಾಗುವ ತನಕ ದೇವರೇ ಬಂದು ಹಲ್ಲುನೋವು ಅಂದರೂ ಬೆಂಚಿನ ಮೇಲೆ ಕೂತು ಕಾಯಬೇಕಿತ್ತು. ಅವಳನ್ನು ಹೆಸರು ಹಿಡಿದು ಯಾರೂ ಕರೆದದ್ದಿಲ್ಲ. ಡಾಕ್ಟರಿಗೂ ಅಕ್ಕ, ರೋಗಿಗಳಿಗೂ ಅಕ್ಕ, ಎದುರಿನ ಔಷಧದ ಅಂಗಡಿಯ ಮುದುಕನಿಗೂ ಅಕ್ಕ. ಹಾಗೆ ಕರೆಯಲು ನಿಜವಾದ ಹಕ್ಕಿದ್ದ ತಮ್ಮ ಒಬ್ಬನೇ, ಮತ್ತು ಅವನು ಕರೆಯುವಾಗ ಅದರಲ್ಲಿ ಚೂರು ಕೀಟಲೆ ಸೇರಿರುತ್ತಿತ್ತು.

ಅವಳು ಹುಟ್ಟುತ್ತಲೇ ಹೀಗೆ ಮಡಿವಂತೆಯಾಗಿರಲಿಲ್ಲ. ಈಗಿನ ಡಾಕ್ಟರ ತಂದೆ ಕ್ಲಿನಿಕ್ಕು ನಡೆಸುತ್ತಿದ್ದಾಗ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅರೆಬರೆ ತೊಳೆದ ಇಕ್ಕಳವೊಂದನ್ನು ತಟ್ಟೆಯಲ್ಲಿಟ್ಟಿದ್ದಳು. ಮುದುಕ ಡಾಕ್ಟರು ಬೈಯಲಿಲ್ಲ. ದೀಪದ ಕೆಳಗೆ ಇಕ್ಕಳ ಹಿಡಿದು, ಅವಳ ಕೈಗೆ ಭೂತಗನ್ನಡಿ ಕೊಟ್ಟು, ಕೀಲಿನ ಸಂದಿ ನೋಡು ಅಂದರು. ಅಲ್ಲಿ ಯಾರದೋ ರಕ್ತ ಕಂದಾಗಿ ಒಣಗಿ ಕೂತಿತ್ತು. ಆವತ್ತು ಅವಳಿಗೆ ಊಟ ಸೇರಲಿಲ್ಲ. ಕಣ್ಣಿಗೆ ಕಾಣದ್ದೇ ಕೊಲ್ಲುವುದು, ಅದನ್ನು ಬಿಸಿನೀರಿಗೆ ಹಾಕಿದರೆ ಮಾತ್ರ ಸಾಯುವುದು ಅನ್ನುವುದು ಆವತ್ತು ತಲೆಗೆ ಹೊಕ್ಕಿತು. ಒಳ್ಳೆಯ ಪಾಠವೇ. ಆದರೆ ಅಕ್ಕ ಯಾವ ಪಾಠವನ್ನೂ ಅರ್ಧಕ್ಕೆ ನಿಲ್ಲಿಸುವ ಪೈಕಿ ಅಲ್ಲ.

ತಮ್ಮ ಕಲ್ಲು ಕೊಯ್ಯುವವನು. ಅಡುಗೆ ಕಟ್ಟೆಗೆ, ಮೆಟ್ಟಿಲಿಗೆ, ಬಚ್ಚಲಿಗೆ ಬೇಕಾದ ಅಳತೆಗೆ ಹಲಗೆ ಕೊಯ್ದು ಹೊಳಪು ಕೊಡುವ ಷೆಡ್ಡಿನಲ್ಲಿ ಪ್ರಾಯವೆಲ್ಲ ಕಳೆದ. ಬಾಯಿಗೆ ಬಟ್ಟೆ ಕಟ್ಟಿಕೋ ಅಂದರೆ, ಕಳ್ಳನ ಹಾಗೆ ಕಾಣ್ತೀನಿ ಅನ್ನುತ್ತಿದ್ದ. ನಲವತ್ತು ದಾಟುವುದರೊಳಗೆ ಮೆಟ್ಟಿಲು ಹತ್ತಿದರೆ ಏದುಸಿರು, ನಕ್ಕರೆ ಕೆಮ್ಮು. ಎದೆಯ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಪೆನ್ನಿನಿಂದ ಗೆರೆ ಎಳೆದ ಹಾಗೆ ತೋರಿಸಿದರು: ಇಷ್ಟು ಧೂಳು ತಿಂದು ಹಾಕಿದೆ, ಉಳಿದದ್ದು ಇಷ್ಟು. ಅವನನ್ನು ಹೊರಗೆ ಕೂರಿಸಿ ಅಕ್ಕನಿಗೆ ಮಾತ್ರ ಇನ್ನೊಂದು ಮಾತು ಹೇಳಿದರು. "ಇರೋ ಅಷ್ಟರಲ್ಲಿ ಇನ್ನೂ ಬಹಳ ವರ್ಷ ಬದುಕಬಹುದಮ್ಮ. ಆದ್ರೆ ಎದೆಗೆ ಇನ್ನೊಂದು ಜೋರಾದ ಪೆಟ್ಟು ಬಿದ್ರೆ, ನಮ್ಮ ಕೈಲಿ ಏನೂ ಇರಲ್ಲ."

ಅಲ್ಲಿಂದ ಅವಳ ಬದುಕಿಗೆ ಒಂದೇ ಕೆಲಸವಾಯಿತು, ಆ ಉಳಿದಷ್ಟನ್ನು ಕಾಯುವುದು. ಅವಳ ಮದುವೆ ಸ್ವಲ್ಪ ಕಾಲ ನಡೆದು ನಿಂತುಹೋಗಿತ್ತು, ಅವನದು ನಡೆಯಲೇ ಇಲ್ಲ, ಅಪ್ಪ ಅಮ್ಮ ಹೋಗಿ ಕಾಲವಾಗಿತ್ತು. ಎರಡು ಕೋಣೆಯ ಮನೆಯಲ್ಲಿ ಇಬ್ಬರೇ. ಬೀದಿಯಲ್ಲಿ ಹೊಸ ಕಟ್ಟಡ ಏಳುತ್ತಿದ್ದುದರಿಂದ ಕಿಟಕಿಗಳ ಸಂದಿಗೆ ಟೇಪು ಅಂಟಿಸಿದಳು. ಕುಡಿಯುವ ನೀರು, ಅವನ ಲೋಟ, ದಿಂಬಿನ ಚೀಲ, ಟವೆಲು, ಎಲ್ಲವೂ ದೊಡ್ಡ ಪಾತ್ರೆಯಲ್ಲಿ ಕುದಿದೇ ಮುಂದಕ್ಕೆ ಹೋಗಬೇಕು. "ನನ್ನನ್ನೂ ಒಂದ್ಸಲ ಅದರಲ್ಲಿ ಅದ್ದಿ ತೆಗೆದುಬಿಡು, ನಿನಗೆ ನೆಮ್ಮದಿ" ಅನ್ನುತ್ತಿದ್ದ ಅವನು. ಅಕ್ಕ ಆ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವನಿಗೆ ನೆಗಡಿಯೂ ಬಾರದೆ ವರ್ಷಗಳು ಉರುಳಿದ್ದವು. ಕಾದದ್ದು ಸಾರ್ಥಕವಾಗಿದೆ ಅಂತ ಅವಳಿಗೆ ಒಳಗೊಳಗೇ ಜಂಬವಿತ್ತು, ಇರಬೇಕಾದ್ದೇ.

ಹಳೆ ಡಾಕ್ಟರು ಹೋಗಿ ಮಗ ಡಾಕ್ಟರಾಗಿ ಕೂತ ಮೇಲೆ ಕ್ಲಿನಿಕ್ಕಿಗೆ ಮೀನಿನ ತೊಟ್ಟಿ ಬಂತು. ಹಲ್ಲು ಕೀಳಿಸಿಕೊಳ್ಳಲು ಬಂದವರ ಎದೆಬಡಿತ ಮೀನು ನೋಡಿದರೆ ಕಡಿಮೆಯಾಗುತ್ತದಂತೆ. ಸಿಹಿನೀರಿನ ಸಾಧಾರಣ ತೊಟ್ಟಿಯಲ್ಲ, ಉಪ್ಪುನೀರಿನದು. ಸಮುದ್ರದಿಂದ ತಂದ ತೂತುತೂತಿನ ಕಲ್ಲುಗಳು, ಕಿತ್ತಳೆ ಬಣ್ಣದ ಮೇಲೆ ಬಿಳಿ ಪಟ್ಟೆಯ ಎರಡು ಮೀನು, ಒಂದು ನೀಲಿ ಮೀನು, ಕಡ್ಡಿಕಾಲಿನ ಒಂದು ಸಿಗಡಿ. ನಡುವಿನ ದೊಡ್ಡ ಕಲ್ಲಿನ ಮೇಲೆ ಅಂಗಿಯ ಗುಂಡಿಯಷ್ಟಗಲದ ಕಂದು ಹೂಗಳು ಒತ್ತೊತ್ತಾಗಿ ಬೆಳೆದಿದ್ದವು. ಹೂವಲ್ಲ, ಅವೂ ಜೀವವೇ ಅಂತೆ. ದೀಪ ಹಾಕಿದರೆ ಅರಳುತ್ತಿದ್ದವು, ಆರಿಸಿದರೆ ಮುದುಡುತ್ತಿದ್ದವು. ತೊಟ್ಟಿ ನೋಡಿಕೊಳ್ಳಲು ಬಣ್ಣದ ಮೀನಿನ ಅಂಗಡಿಯ ಗಡ್ಡದವನು ಬರುತ್ತಿದ್ದ. ಮೊಣಕೈ ತನಕ ಗ್ಲೌಸು ಹಾಕಿಕೊಂಡೇ ಕೈಯಿಳಿಸುತ್ತಿದ್ದ. "ಆ ಗುಂಡಿ ಹೂಗಳನ್ನ ಮಾತ್ರ ಬರಿಗೈಲಿ ಮುಟ್ಟಬೇಡಿ ಅಕ್ಕಾ" ಅಂದಿದ್ದ. ಹೂವು ನೊಂದುಕೊಳ್ಳುತ್ತದೆ ಅಂತ ಹೇಳಿರಬೇಕು ಅಂದುಕೊಂಡಳು ಅಕ್ಕ. ಯಾಕೆ ಅಂತ ಕೇಳಲಿಲ್ಲ. ಅವನೂ ಬಿಡಿಸಿ ಹೇಳಲಿಲ್ಲ.

ಅಂಗಡಿಯಲ್ಲಿ ಕೆಲಸ ಹೆಚ್ಚಾಗಿ ಗಡ್ಡದವನ ಬರುವಿಕೆ ವಿರಳವಾಯಿತು. ತೊಟ್ಟಿ ಯಾರೂ ಹೇಳದೆಯೇ ಅಕ್ಕನ ತಲೆಗೆ ಬಂತು. ಗಾಜು ಒರೆಸುವುದು, ಆರಿದ ನೀರಿನಷ್ಟು ನೀರು ಸೇರಿಸುವುದು, ಬೆಳಿಗ್ಗೆ ಸಂಜೆ ಒಂದು ಚಿಟಿಕೆ ಊಟ ಹಾಕುವುದು. ಜೊತೆಗೆ ಕಾಯುವವರ ಕೈ ಸುಮ್ಮನಿರುತ್ತದೆಯೇ? ಮಕ್ಕಳು ಬಿಸ್ಕತ್ತಿನ ಪುಡಿ ಉದುರಿಸುತ್ತಿದ್ದವು, ಮಕ್ಕಳನ್ನು ಗದರಬೇಕಾದ ದೊಡ್ಡವರು ಬ್ರೆಡ್ಡು ಮುರಿದು ಹಾಕುತ್ತಿದ್ದರು. ಮೀನು ತಿಂದು ಮಿಕ್ಕಿದ್ದು ಕಲ್ಲಿನ ಸಂದಿಯಲ್ಲಿ ಸೇರುತ್ತಿತ್ತು.

ಮೊದಲ ಹುಳವನ್ನು ನೋಡಿದ್ದು ಹಲ್ಲಿಗೆ ತಂತಿ ಕಟ್ಟಿಸಿಕೊಳ್ಳಲು ಬರುತ್ತಿದ್ದ ಒಬ್ಬ ಟೀಚರಮ್ಮ. ಗಾಜಿಗೆ ಮೂಗು ತಾಗಿಸಿ ಕೂತಿದ್ದವರು ಹಿಂದಕ್ಕೆ ಸರಿದು, "ಇದೇನ್ರೀ ಒಳಗೆ ಹರಿದಾಡ್ತಿದೆ?" ಅಂದರು. ಅಕ್ಕ ಬರುವಷ್ಟರಲ್ಲಿ ಕಲ್ಲಿನ ತೂತಿನೊಳಕ್ಕೆ ನಸುಗೆಂಪಿನ ಬಾಲ ಒಂದು ಜಾರಿಹೋಯಿತು. ಅಷ್ಟೇ ಕಂಡದ್ದು. ಟೀಚರಮ್ಮ ಬಾಯಿ ಮುಕ್ಕಳಿಸುವ ನೀರಿನ ನಲ್ಲಿಯನ್ನೂ ತೊಟ್ಟಿಯನ್ನೂ ಒಮ್ಮೆ ನೋಡಿದರು. ಆ ನೋಟವೇ ಸಾಕಾಗಿತ್ತು.

ಮಧ್ಯಾಹ್ನ ಕ್ಲಿನಿಕ್ಕು ಮುಚ್ಚಿರುವ ಹೊತ್ತಿನಲ್ಲಿ ಅಕ್ಕ ಪರದೆ ಎಳೆದು, ತೊಟ್ಟಿಯ ದೀಪ ಆರಿಸಿ ಕಾದು ಕೂತಳು. ಮೀನುಗಳು ಮೂಲೆ ಸೇರಿದವು. ಗುಂಡಿ ಹೂಗಳು ಮುದುಡಿದವು. ಆಮೇಲೆ ಹುಳ ಬೆದರದಿರಲಿ ಅಂತ ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಹಲ್ಲು ನೋಡುವ ಕನ್ನಡಿಯನ್ನು ಕಲ್ಲಿನ ಅಡಿಗೆ ಹಿಡಿದಳು. ಬಾಯೊಳಗೆ ಕಾಣದ ಹಲ್ಲಿನ ಹಿಂಬದಿ ಕಾಣಿಸುವ ಕನ್ನಡಿ ಕಲ್ಲಿನ ಹಿಂಬದಿಯನ್ನೂ ಕಾಣಿಸಿತು. ಒಂದಲ್ಲ, ಎರಡಲ್ಲ. ಪ್ರತಿ ತೂತಿನಿಂದಲೂ ಒಂದೊಂದು ತಲೆ ಹೊರಬಂದು, ಮರಳಿನ ಮೇಲೆ ತಡಕಾಡಿ, ಏನನ್ನೋ ಹೆಕ್ಕಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ಇಷ್ಟು ದಿನ ತಾನು ಒರೆಸಿ ಹೊಳಪು ಕೊಟ್ಟ ಗಾಜಿನ ಆಚೆ ಇವು ಮನೆ ಮಾಡಿಕೊಂಡಿದ್ದವು ಅನ್ನುವುದು ಅವಳಿಗೆ ಅವಮಾನದ ಹಾಗೆ ತಾಗಿತು. ಚಿಮಟದಿಂದ ಒಂದನ್ನು ಎಳೆದಳು. ಗಾಜಿನ ನೂಲಿನಂಥ ಬಿಳಿ ಮುಳ್ಳುಗಳು ಬೆರಳಿಗೆ ಇಳಿದು ಉರಿ ಎದ್ದಿತು. ಪ್ಲಾಸ್ಟರಿನ ಟೇಪು ಒತ್ತಿ ಕಿತ್ತು ಮುಳ್ಳು ತೆಗೆದಳು, ಹುಳವನ್ನು ಚೂರು ಉಪ್ಪುನೀರಿನ ಜೊತೆ ಪುಟ್ಟ ಸೀಸೆಗೆ ಹಾಕಿ ಮನೆಗೆ ಒಯ್ದಳು.

ತಮ್ಮನಿಗೆ ಹಬ್ಬವೇ ಆಯಿತು. ದಿನವಿಡೀ ನಾಲ್ಕು ಗೋಡೆ ನೋಡಿ ಬೇಸತ್ತವನಿಗೆ ಸೀಸೆಯ ಹುಳ ಬಂದ ನೆಂಟನಿಗಿಂತ ಹೆಚ್ಚಾಯಿತು. ಕನ್ನಡಕ ಹಾಕಿಕೊಂಡು, ಫೋನಿನಲ್ಲಿ ಚಿತ್ರ ತೆಗೆದು, ಸಮುದ್ರದ ಹುಳಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದ.

"ಮೂರು ಬಗೆ ಅಂತೆ ಅಕ್ಕಾ. ಒಂದು, ಬೆಂಕಿಹುಳ. ಪಕ್ಕದಲ್ಲಿ ಕೆಂಪು ಕುಚ್ಚು ಇರುತ್ತೆ, ಮುಟ್ಟಿದ್ರೆ ಉರಿಯುತ್ತೆ."

"ಉರಿಯಿತಲ್ಲ."

"ಉರಿದದ್ದು ಸರಿ, ಕುಚ್ಚು ಎಲ್ಲಿ? ಇನ್ನೊಂದು, ಬಹಳ ಉದ್ದದ್ದು, ಮೈಯೆಲ್ಲ ಮಿರಮಿರ ಹೊಳೆಯುತ್ತೆ, ತಲೆ ಮೇಲೆ ಐದು ಮೀಸೆ. ಮರಳಲ್ಲಿ ಹೂತುಕೊಂಡು, ಮೀನು ಮೇಲೆ ಬಂದ್ರೆ ಕತ್ತರಿ ಹಾಕಿದ ಹಾಗೆ ಎರಡು ತುಂಡು."

ಅಕ್ಕ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಚಿತ್ರದ ದವಡೆ ನೋಡಿದ ಮೇಲೆ ಸೀಸೆಯೊಳಗಿನ ಬಡಪಾಯಿಗೂ ಅವಳ ಕಣ್ಣಿಗೆ ದವಡೆ ಕಾಣತೊಡಗಿತು.

"ಇನ್ನೊಂದು?"

"ಇನ್ನೊಂದು ಬರೀ ಕಸ ಗುಡಿಸೋ ಹುಳ. ಮಿಕ್ಕಿದ್ದು, ಸತ್ತದ್ದು ತಿಂದು ಜಾಗ ಚೊಕ್ಕ ಮಾಡುತ್ತೆ. ನಸುಗೆಂಪು, ಗಿಡ್ಡ ಮುಳ್ಳು. ಇದೇ ಅದು. ನಿನ್ನ ಜಾತಿದೇ ಅಂತ ಇಟ್ಕೋ, ಇಡೀ ದಿನ ಕ್ಲೀನಿಂಗು." ಹೇಳಿ ನಕ್ಕ, ನಕ್ಕದ್ದಕ್ಕೆ ಕೆಮ್ಮಿದ. ಅಕ್ಕ ಅವನ ಬೆನ್ನು ಸವರಿ ಸೀಸೆಯನ್ನು ಕಪಾಟಿನ ಮೇಲೆ ಇಟ್ಟಳು.

ಬೆಳಿಗ್ಗೆ ನೋಡಿದರೆ ಸೀಸೆಯಲ್ಲಿ ಎರಡು ಹುಳ. ಒಂದೇ ಹುಳ ನಡುವಿಗೆ ತುಂಡಾಗಿ, ಎರಡೂ ತುಂಡು ಬೇರೆ ಬೇರೆ ದಿಕ್ಕಿಗೆ ಹೊರಳುತ್ತಿದ್ದವು. ಕತ್ತರಿಸಿದರೂ ಸಾಯದ್ದು, ಇನ್ನೊಂದಾಗಿ ಹುಟ್ಟುವಂಥದ್ದು, ತನ್ನ ಮನೆಯ ಕಪಾಟಿನಲ್ಲಿ, ತಮ್ಮನ ಕೋಣೆಯ ಪಕ್ಕದಲ್ಲಿ. ಅಕ್ಕ ಸೀಸೆಗೆ ಕುದಿಯುವ ನೀರು ಸುರಿದಳು. ಎರಡೂ ತಟ್ಟನೆ ನಿಂತವು. ಆ ನಿಂತದ್ದನ್ನು ನೋಡಿ ಅವಳಿಗೆ ಬಹಳ ಸಮಾಧಾನವಾಯಿತು.

ಅದೇ ದಿನ ಕ್ಲಿನಿಕ್ಕಿನಲ್ಲಿ ಪಟ್ಟೆ ಮೀನೊಂದು ಸತ್ತು ಮರಳಿನ ಮೇಲೆ ಬಿದ್ದಿತ್ತು. ಅದರ ಹೊಟ್ಟೆಯ ಸುತ್ತ ಹುಳಗಳು ಮುತ್ತಿದ್ದವು. ಸತ್ತದ್ದಕ್ಕೆ ಹುಳ ಬಂದವೋ, ಹುಳ ಬಂದದ್ದಕ್ಕೆ ಸತ್ತಿತೋ ಅಂತ ಕೇಳುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಒಂದು ಮಗು ಜೋರಾಗಿ ಅಳತೊಡಗಿ, ಅದರ ತಾಯಿ ಹಲ್ಲು ತೋರಿಸದೆ ಎದ್ದು ಹೋದಳು. ಡಾಕ್ಟರು ಹೊರಗೆ ಬಂದರು, ತೊಟ್ಟಿ ನೋಡಿದರು, ಹುಬ್ಬು ಗಂಟಿಕ್ಕಿದರು.

"ಅಕ್ಕಾ, ಹಲ್ಲಿನ ಕ್ಲಿನಿಕ್ಕಲ್ಲಿ ಹುಳ ಅಂದ್ರೆ ನಾಳೆಯಿಂದ ಯಾರು ಬರ್ತಾರೆ? ಇಡೀ ಬೀದಿಗೆ ಗೊತ್ತಾಗುತ್ತೆ. ಏನಾದ್ರೂ ಮಾಡಿ, ನಾಳೆ ಬೆಳಿಗ್ಗೆ ಇಲ್ಲಿ ಒಂದು ಹುಳನೂ ಕಾಣಬಾರದು."

"ಆಯ್ತು ಸಾರ್" ಅಂದಳು ಅಕ್ಕ. ಆಯ್ತು ಅನ್ನುವುದು ಅವಳಿಗೆ ಅಭ್ಯಾಸ. ಗಡ್ಡದವನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಹುಳದ ಚಿತ್ರ ಕಳಿಸಿ, ಇದು ಯಾವ ಹುಳ, ಏನು ಮಾಡಲಿ ಅಂತ ಕೇಳಿದಳು. ಉತ್ತರ ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಅಂತ ತೀರ್ಮಾನಿಸಿದಳು. ಹುಳಗಳೆಲ್ಲ ನಡುವಿನ ದೊಡ್ಡ ಕಲ್ಲಿನಲ್ಲೇ ಇದ್ದವು. ಆ ಕಲ್ಲನ್ನು ಹೊರಗೆ ತೆಗೆದು ಕುದಿಸಿದರೆ ಮುಗಿಯಿತು. ಬಾಯಿಂದ ಬಾಯಿಗೆ ಹೋಗುವ ಕಬ್ಬಿಣವೇ ಶುದ್ಧವಾಗುವಾಗ ಕಲ್ಲು ಯಾವ ಲೆಕ್ಕ? ಸ್ಟೆರಿಲೈಜರಿನ ಬಾಯಿ ಚಿಕ್ಕದು, ಕಲ್ಲು ಹಿಡಿಸಲಿಲ್ಲ. ಮನೆಯ ದೊಡ್ಡ ಪಾತ್ರೆ ನೆನಪಾಯಿತು.

ಒದ್ದೆ ಬಟ್ಟೆ ಸುತ್ತಿ ಬಕೆಟ್ಟಿನಲ್ಲಿಟ್ಟು ಕಲ್ಲನ್ನು ಮನೆಗೆ ತಂದಳು. ತಮ್ಮ ಅದನ್ನು ಎತ್ತಿ ನೋಡಿ, ಉಗುರಿನಿಂದ ತಟ್ಟಿ, "ಇದು ಕಲ್ಲೇ ಅಲ್ಲ ಅಕ್ಕಾ, ಮೂಳೆ ಇದ್ದ ಹಾಗಿದೆ. ಹಗುರ" ಅಂದ. ಮುದುಡಿ ಲೋಳೆಯಾಗಿದ್ದ ಗುಂಡಿ ಹೂಗಳನ್ನು ನೋಡಿ, "ಇವೂ ಬೇಯುತ್ತವಲ್ಲ, ಪಾಪ" ಅಂದ.

"ಏನು ಮಾಡೋದು. ಹುಳ ಹೋಗಬೇಕಲ್ಲ."

"ಆ ಹುಳ ಏನೂ ಮಾಡಲ್ಲ ಅಂತ ಹೇಳಿದ್ನಲ್ಲ. ಅಂಗಡಿಯವನು ಹೇಳೋ ತನಕ ತಡಿ."

"ಡಾಕ್ಟರಿಗೆ ನಾಳೆ ಬೆಳಿಗ್ಗೆ ಅಂತ ಮಾತು ಕೊಟ್ಟಿದೀನಿ ಕಣೋ."

ಅವನು ಮತ್ತೆ ವಾದಿಸಲಿಲ್ಲ. ಅಕ್ಕ ಮಾತು ಕೊಟ್ಟಳೆಂದರೆ ಮುಗಿಯಿತು ಅಂತ ಅವನಿಗೆ ಗೊತ್ತು. ಪಾತ್ರೆಗೆ ನೀರು ತುಂಬಿ, ಕಲ್ಲು ಇಳಿಸಿ, ಒಲೆ ಹಚ್ಚಿದಳು. ನೀರು ಬಿಸಿಯಾಗುತ್ತಿದ್ದಂತೆ ತೂತುಗಳಿಂದ ಹುಳಗಳು ಒಂದೊಂದಾಗಿ ಹೊರಗೆ ಬಿದ್ದವು, ಸುರುಳಿ ಸುತ್ತಿದವು, ತಳ ಸೇರಿದವು. ಇಷ್ಟೊಂದು ಇದ್ದವೇ ಅಂದುಕೊಂಡಳು. ಸಂಜೆಯ ರೋಗಿಗಳು ಬರುವ ಹೊತ್ತಾಗುತ್ತಿತ್ತು, ಕಲ್ಲು ಇನ್ನೂ ಬಹಳ ಹೊತ್ತು ಕುದಿಯಬೇಕಿತ್ತು. ಒಳಗಿನ ತೂತಿನ ತನಕ ಬಿಸಿ ಹೋಗದಿದ್ದರೆ ಏನು ಪ್ರಯೋಜನ?

"ನಾನು ನೋಡ್ಕೊಳ್ತೀನಿ ಬಿಡು" ಅಂದ ತಮ್ಮ. "ನೀರು ಆರದ ಹಾಗೆ ಹಾಕ್ತಾ ಇದ್ರೆ ಆಯ್ತಲ್ಲ?"

ಅಕ್ಕ ಸಾಮಾನ್ಯವಾಗಿ ಅವನನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಆದರೆ ಅವನ ಮುಖದಲ್ಲಿ ಏನೋ ಉತ್ಸಾಹ ಕಂಡಿತು. ಷೆಡ್ಡು ಬಿಟ್ಟ ಮೇಲೆ ಯಾರೂ ಅವನಿಗೆ ಒಂದು ಕೆಲಸ ವಹಿಸಿರಲಿಲ್ಲ, ಅಕ್ಕನೂ ವಹಿಸಿರಲಿಲ್ಲ. ಇರಲಿ ಅಂದಳು. ಬಿಸಿ ಆವಿ ಎದೆಗೆ ಹಿತವೇ ಅಂತಲೂ ಅಂದುಕೊಂಡಳು. ಕುರ್ಚಿಯನ್ನು ಅಡುಗೆಮನೆಗೆ ತಂದು ಹಾಕಿ, ಪಕ್ಕದಲ್ಲಿ ನೀರಿನ ಜಗ್ಗು ಇಟ್ಟು, ಹೊರಡುವಾಗ ರೂಢಿಯಂತೆ ಕಿಟಕಿಯ ಟೇಪು ಸರಿಯಾಗಿದೆಯೇ ಅಂತ ಬೆರಳಾಡಿಸಿ ನೋಡಿದಳು. ಸರಿಯಾಗಿತ್ತು. ಒಂದು ಎಳೆ ಗಾಳಿ ನುಸುಳಲು ಜಾಗವಿರಲಿಲ್ಲ.

ರಾತ್ರಿ ಕ್ಲಿನಿಕ್ಕು ಮುಗಿಸಿ ಬಂದು ಅವಳು ಮನೆಯ ಬಾಗಿಲು ತೆರೆದಾಗ ಒಳಗೆ ಮಂಜು ಕವಿದಂತಿತ್ತು. ಗೋಡೆಯ ಮೇಲೆ ನೀರು ಇಳಿಯುತ್ತಿತ್ತು. ಹಳಸಿದ ಚಿಪ್ಪಿನಂಥ, ಸಮುದ್ರದ ತಳದಂಥ ವಾಸನೆ. ತಮ್ಮ ಕುರ್ಚಿಯಲ್ಲೇ ಇದ್ದ. ಒಂದು ಕ್ಷಣವೂ ಎದ್ದಿಲ್ಲ ಅಂತ ಹೆಮ್ಮೆಯಿಂದ ಹೇಳಿದ. "ನೀರು ಆರೋಕೆ ಬಿಟ್ಟಿಲ್ಲ ನೋಡು. ಬಗ್ಗಿ ಬಗ್ಗಿ ನೋಡ್ತಾನೇ ಇದ್ದೆ. ಹೂವೆಲ್ಲ ಕರಗಿ ಹೋಯ್ತು." ಧ್ವನಿ ಒಡೆದಿತ್ತು. ಬಾಯಲ್ಲಿ ಏನೋ ಕಹಿ, ಕಬ್ಬಿಣ ನೆಕ್ಕಿದ ಹಾಗೆ ಅಂದ. ಅಕ್ಕ ಒಲೆ ಆರಿಸಿ ಪಾತ್ರೆ ಮುಚ್ಚುವಷ್ಟರಲ್ಲಿ ಅವಳ ನಾಲಿಗೆಯ ಮೇಲೂ ಅದೇ ಕಹಿ ಬಂತು, ತುಟಿ ಚುಮುಚುಮು ಅಂದಿತು. ವಾಸನೆಗೆ ಹೀಗಾಗಿರಬೇಕು ಅಂದುಕೊಂಡಳು.

ಊಟ ಬೇಡ ಅಂದ ಅವನು. ಸ್ವಲ್ಪ ಹೊತ್ತಿಗೆ ಚಳಿ ಹಿಡಿದು ಹಲ್ಲು ಕಟಕಟ ಅಂದವು. ಮೈ ಮುಟ್ಟಿದರೆ ಕೆಂಡ. ಎಷ್ಟೋ ವರ್ಷಗಳಿಂದ ಆ ಮನೆಗೆ ಜ್ವರ ಬಂದಿರಲಿಲ್ಲ. ಎಲ್ಲಿಂದ ಬಂತು ಸೋಂಕು, ಯಾವುದನ್ನು ಕುದಿಸದೆ ಬಿಟ್ಟೆ? ಲೋಟವೇ, ದಿಂಬೇ, ಹುಳದ ಸೀಸೆಯೇ? ಮನಸ್ಸು ಮನೆಯ ಮೂಲೆಮೂಲೆ ಸುತ್ತಿ ಬಂತು, ಒಲೆಯ ಮೇಲಿನ ಪಾತ್ರೆಯ ಹತ್ತಿರ ಮಾತ್ರ ನಿಲ್ಲಲಿಲ್ಲ. ಯಾಕೆ ನಿಲ್ಲಬೇಕು? ಮನೆಯಲ್ಲಿ ಎಲ್ಲಕ್ಕಿಂತ ಶುದ್ಧವಾಗಿ ಕುದಿದಿದ್ದ ವಸ್ತು ಅದೇ. ಎದೆ ಬಿಗಿಯುತ್ತಿದೆ ಅಂದಾಗ ಬೇರೆ ಪಾತ್ರೆಯಲ್ಲಿ ನೀರು ಕಾಯಿಸಿ, ಅದೇ ಅಡುಗೆಮನೆಯಲ್ಲಿ, ಅದೇ ಮಂಜಿನಲ್ಲಿ, ತಲೆಯ ಮೇಲೆ ಟವೆಲು ಹೊದಿಸಿ ಹಬೆ ತೆಗೆದುಕೊಳ್ಳಲು ಕೂರಿಸಿದಳು. ಅವನು ಅಕ್ಕ ಹೇಳಿದ ಹಾಗೆ ಉದ್ದಕ್ಕೆ ಉಸಿರೆಳೆದ. ಅವನು ಎಂದೂ ಅಷ್ಟು ವಿಧೇಯನಾಗಿರಲಿಲ್ಲ. ಅದಾದ ಮೇಲೆ ಅವನ ತುಟಿ ನೀಲಿಗಟ್ಟಿತು, ಅಕ್ಕ ಬೀದಿಗೆ ಓಡಿ ಪಕ್ಕದ ಮನೆಯವರನ್ನು ಕೂಗಿದಳು.

ದೊಡ್ಡಾಸ್ಪತ್ರೆಯಲ್ಲಿ ಅವನನ್ನು ಗಾಜಿನ ಬಾಗಿಲಿನ ಆಚೆ ಒಯ್ದರು. ಬೆಳಗಾಗುತ್ತಿದ್ದಂತೆ ಒಬ್ಬ ಲೇಡಿ ಡಾಕ್ಟರು ಹೊರಗೆ ಬಂದು ಅಕ್ಕನ ಪಕ್ಕ ಕೂತರು. ಚಿಕ್ಕ ವಯಸ್ಸು, ಕಣ್ಣಲ್ಲಿ ನಿದ್ದೆಯಿಲ್ಲ.

"ಸೋಂಕಿನ ಹಾಗೆ ಕಾಣ್ತಿಲ್ಲಮ್ಮ. ಏನೋ ಉಸಿರಲ್ಲಿ ಹೋಗಿರೋ ಹಾಗಿದೆ. ಮನೇಲಿ ಪೇಂಟು ಹೊಡೆಸಿದ್ರಾ? ಸೊಳ್ಳೆಗೆ, ಜಿರಳೆಗೆ ಏನಾದ್ರೂ ಹೊಗೆ ಹಾಕಿದ್ರಾ?"

"ಅಂಥದ್ದೇನೂ ಇಲ್ಲಮ್ಮ. ಧೂಳು ಕೂಡ ಬಿಡಲ್ಲ ನಾನು. ಎಲ್ಲಾನೂ ಕುದಿಸ್ತೀನಿ."

"ಎಲ್ಲಾನೂ ಅಂದ್ರೆ?"

"ನೀರು, ಬಟ್ಟೆ, ಪಾತ್ರೆ." ಸ್ವಲ್ಪ ತಡೆದು ಅಂದಳು, "ನಿನ್ನೆ ಒಂದು ಕಲ್ಲು."

ಡಾಕ್ಟರಿಗೆ ಅರ್ಥವಾಗಲಿಲ್ಲ. ಎಂಥ ಕಲ್ಲು, ಎಲ್ಲಿಯದು ಅಂತ ಕೇಳಿದರು. ತೊಟ್ಟಿ, ಹುಳ, ಗುಂಡಿ ಹೂವು, ಅಕ್ಕ ಒಂದೊಂದಾಗಿ ಹೇಳಿದಳು. ಕಲ್ಲು ಕೊಟ್ಟವರಿಗೆ ಫೋನು ಮಾಡಿ ಅಂದರು ಡಾಕ್ಟರು. ಈ ಸಲ ಗಡ್ಡದವನು ಎತ್ತಿದ.

"ಅಕ್ಕಾ, ನಾನೇ ಮಾಡೋಣ ಅಂತಿದ್ದೆ. ಬೇರೆ ಊರಿಗೆ ಹೋಗಿದ್ದೆ, ನಿಮ್ಮ ಫೋಟೋ ಈಗ ನೋಡಿದೆ. ಅದು ಏನೂ ಮಾಡಲ್ಲ, ಮಿಕ್ಕಿದ್ದು ತಿನ್ನೋ ಹುಳ. ಊಟ ಕಮ್ಮಿ ಹಾಕಿ, ತಾನಾಗೇ ಕಮ್ಮಿ ಆಗುತ್ತೆ."

"ಕಲ್ಲನ್ನ ಕುದಿಸಿಬಿಟ್ಟೆ" ಅಂದಳು ಅಕ್ಕ.

ಗಡ್ಡದವನ ಧ್ವನಿ ಬೇರೆಯಾಯಿತು. "ಯಾವ ಕಲ್ಲು? ಗುಂಡಿ ಹೂ ಇತ್ತಲ್ಲ, ಅದಾ? ಅಕ್ಕಾ, ಆ ಹೂವಲ್ಲಿ ವಿಷ ಇದೆ. ಕುದಿಸಿದ್ರೆ ಆವಿ ಜೊತೆ ಬರುತ್ತೆ. ಮನೇಲಿ ಯಾರಿದ್ರು?"

ಅಕ್ಕ ಫೋನನ್ನು ಡಾಕ್ಟರ ಕೈಗೆ ಕೊಟ್ಟಳು. ಅವರು ಏನೇನೋ ಕೇಳಿದರು, ಬರೆದುಕೊಂಡರು, ಬೇರೆಯವರಿಗೆ ಫೋನು ಮಾಡಿದರು. ಅಕ್ಕನಿಗೆ ಒಂದೇ ಮಾತು ಕಿವಿಗೆ ಬಿದ್ದದ್ದು: ಇದಕ್ಕೆ ಮದ್ದು ಅಂತ ಇಲ್ಲ, ಎದೆ ತಡೆದುಕೊಳ್ಳಬೇಕು ಅಷ್ಟೇ. ತಡೆದುಕೊಳ್ಳಲು ಅವನ ಎದೆಯಲ್ಲಿ ಎಷ್ಟು ಉಳಿದಿದೆ ಅಂತ ಪೆನ್ನಿನ ಗೆರೆ ಸಮೇತ ಅವಳಿಗೆ ಗೊತ್ತಿತ್ತು.

ಒಬ್ಬರೇ ಹೋಗಿ ನೋಡಬಹುದು ಅಂದರು. ಹೋದಳು. ಅವನ ಮೂಗು ಬಾಯಿ ಮುಚ್ಚಿ ಆಮ್ಲಜನಕದ ಮುಖವಾಡ, ಎದೆ ಎತ್ತರಕ್ಕೆ ಎದ್ದು ಎದ್ದು ಬೀಳುತ್ತಿತ್ತು. ಅಕ್ಕನನ್ನು ನೋಡಿ ಕಣ್ಣರಳಿಸಿದ. ಮುಖವಾಡವನ್ನು ಬೆರಳಿನಿಂದ ಚೂರು ಎತ್ತಿದ.

"ಹುಳ ಯಾವುದಂತೆ?"

"ನೀನು ಹೇಳಿದ್ದೇ ಕಣೋ. ಕಸ ಗುಡಿಸೋ ಹುಳ."

"ನಾನು ಹೇಳ್ಲಿಲ್ವಾ" ಅಂದ. ಅವನಿಗೆ ನಿಜಕ್ಕೂ ಖುಷಿಯಾಯಿತು, ಅದು ಕಣ್ಣಲ್ಲೇ ಕಂಡಿತು. ಉಸಿರು ಒಟ್ಟುಮಾಡಿಕೊಂಡು ಮತ್ತೆ ಕೇಳಿದ. "ಮತ್ತೆ ನನಗೇನಾಯ್ತು ಅಕ್ಕಾ? ಒಲೆ ಸರಿಯಾಗೇ ನೋಡ್ಕೊಂಡಿದ್ದೆ."

ಹೇಳಬೇಕು ಅಂತ ಬಾಯಿ ತೆರೆದಳು. ನಿನ್ನ ತಪ್ಪು ಅಲ್ಲ, ನಾನು ಕುದಿಸಿದ್ದು ತಪ್ಪು, ಕಿಟಕಿ ಬಿಗಿದಿದ್ದು ತಪ್ಪು, ನಿನ್ನನ್ನು ಅದರ ಎದುರು ಕೂರಿಸಿ ಹೋಗಿದ್ದು ತಪ್ಪು. ಬಂದದ್ದು ಬೇರೆ ಮಾತು. "ಬಹಳ ಚೆನ್ನಾಗಿ ನೋಡ್ಕೊಂಡೆ. ಜ್ವರ ಅಷ್ಟೇ, ಇಳಿಯುತ್ತೆ. ಮುಖವಾಡ ತೆಗೀಬೇಡ." ಜ್ವರ ಇಳಿದ ಮೇಲೆ, ಮನೆಗೆ ಕರೆದುಕೊಂಡು ಹೋದ ಮೇಲೆ ಎಲ್ಲ ಹೇಳೋಣ, ಅವನು ಬಾಯಿಗೆ ಬಂದ ಹಾಗೆ ಬೈಯಲಿ, ವರ್ಷಗಟ್ಟಲೆ ಆಡಿಕೊಳ್ಳಲಿ ಅಂದುಕೊಂಡಳು. ಅವನು ತಲೆಯಾಡಿಸಿ ಕಣ್ಣು ಮುಚ್ಚಿದ. ನರ್ಸು ಬಂದು ಹೊರಗೆ ಕಳಿಸಿದಳು. ಮಧ್ಯಾಹ್ನದೊಳಗೆ ಅವನು ಹೋಗಿಬಿಟ್ಟ.

ಲೇಡಿ ಡಾಕ್ಟರು ಬಂದು ಬಹಳ ಹೊತ್ತು ಅವಳ ಕೈ ಹಿಡಿದುಕೊಂಡಿದ್ದರು. ಕೊನೆಗೆ ಮೆಲ್ಲಗೆ ಕೇಳಿದರು. "ಯಾವುದರಿಂದ ಹೀಗಾಯ್ತು ಅಂತ ಅವರಿಗೆ ಗೊತ್ತಿತ್ತಾ?"

"ಇಲ್ಲಮ್ಮ. ಹೇಳಲಿಲ್ಲ."

"ಒಳ್ಳೇದೇ ಆಯ್ತು ಬಿಡಿ. ನೆಮ್ಮದಿಯಾಗಿ ಹೋದ್ರು. ನಿಮ್ಮದೇನೂ ತಪ್ಪಿಲ್ಲ, ನಿಮಗೆ ಗೊತ್ತಿರಲಿಲ್ಲ."

ಆಮೇಲೆ ಎಲ್ಲರೂ ಅದನ್ನೇ ಹೇಳಿದರು. ಹಲ್ಲಿನ ಡಾಕ್ಟರು ಕಣ್ಣೀರು ಹಾಕಿ ಹೇಳಿದರು, ಗಡ್ಡದವನು ತಲೆ ತಗ್ಗಿಸಿ ಹೇಳಿದ, ಪಕ್ಕದ ಮನೆಯವರು ಊಟ ತಂದಿಟ್ಟು ಹೇಳಿದರು. ಯಾರು ಹೇಳಿದರೂ ಅಕ್ಕ ಕೇಳಿಸಿಕೊಂಡಳು. ತಪ್ಪಿಲ್ಲ ಅನ್ನಲು ಅವರು ಯಾರು? ಅವಳನ್ನು ಬೈಯುವ ಹಕ್ಕಿದ್ದವನು ಲೋಕದಲ್ಲಿ ಒಬ್ಬನೇ ಇದ್ದ. ಬೈದು, ಆಮೇಲೆ ಹೋಗಲಿ ಬಿಡು ಅನ್ನಬಹುದಾಗಿದ್ದವನೂ ಅವನೊಬ್ಬನೇ. ಒಲೆಯ ಹತ್ತಿರ ತಾನೇ ಏನೋ ಎಡವಟ್ಟು ಮಾಡಿದೆನೇನೋ ಅನ್ನುವ ಅನುಮಾನ ಎದೆಯಲ್ಲಿಟ್ಟುಕೊಂಡು ಅವನು ಹೋಗಿದ್ದ, ಅವಳು ಪಕ್ಕದಲ್ಲೇ ನಿಂತಿದ್ದೂ ನಿಜ ಹೇಳದೆ ಹಾಗೇ ಹೋಗಲು ಬಿಟ್ಟಿದ್ದಳು.